ಒಣಹುಲ್ಲು ಎಂದು ಬರೆದಿದ್ದೆ

ವಸುಧಕ್ಕಾ,

ನೀನು ಕ್ಷೇಮವೇ ಎಂದು ಕೇಳುವ ಹಾಗಿಲ್ಲ. ನಾನು ಕ್ಷೇಮ ಎಂದು ಬರೆಯುವ ಮನಸ್ಸೂ ಇಲ್ಲ. ನಿನ್ನ ಮೇಲೆ ನನಗೆ ಕೋಪ ಬಂದಿದೆ, ಅದನ್ನು ಹೇಳುವುದಕ್ಕೇ ಈ ಕಾಗದ. ಹೋದವರ ಮೇಲೆ ಸಿಟ್ಟು ಮಾಡಿಕೊಳ್ಳಬಾರದು ಎಂದು ಇಲ್ಲಿ ನಾಲ್ಕು ಜನ ಆಗಲೇ ಬುದ್ಧಿ ಹೇಳಿದ್ದಾರೆ. ಅವರಿಗೇನು, ಅವರ ಮನೆಯಲ್ಲಿ ನಿನ್ನ ಮೊಲ ಇಲ್ಲ. ನನ್ನ ಕಪ್ಪು ಪ್ಯಾಂಟಿನ ಮೇಲೆ, ಚಹಾದ ಲೋಟದಲ್ಲಿ, ಹಲ್ಲುಜ್ಜುವ ಬ್ರಷ್ಷಿನ ಮೇಲೆ, ಎಲ್ಲಿ ನೋಡಿದರೂ ಪಟೇಲನ ಬೂದು ಕೂದಲು. ಈ ಹಾಳೆಯ ಮೇಲೂ ಎರಡು ಬಿದ್ದಿವೆ. ಊದಿದರೆ ಹಾರಿ ಮತ್ತೆ ಇಲ್ಲೇ ಬಂದು ಕೂರುತ್ತವೆ.

ನೀನು ಹೊರಟ ಆ ಫೆಬ್ರವರಿಯ ಬೆಳಿಗ್ಗೆ ನೆನಪಿದೆಯಾ? ಬಾಗಿಲಲ್ಲಿ ಸೂಟ್‌ಕೇಸ್ ಇಟ್ಟುಕೊಂಡು ನಗುತ್ತಿದ್ದೆ. "ಆರೇ ಆರು ವಾರ ಕಣೇ ರೇಣು. ಮೈಸೂರಲ್ಲಿ ಅಕ್ಕನ ಕೈಯಡುಗೆ ತಿಂದ್ಕೊಂಡು ಬಂದ್ಬಿಡ್ತೀನಿ. ಇವನನ್ನ ನೋಡ್ಕೊ." ನಾನು ಹೆದರಿದ್ದೆ. "ಮೊಲಾ ಸಾಕಾಕ ನನಗೇನ ಬರತೈತಿ ಅಕ್ಕಾ? ಗದಗಿನ್ಯಾಗ ನಾವು ಎಮ್ಮಿ ಬಿಟ್ರ ಏನೂ ಸಾಕಿಲ್ಲ." ನೀನು ತಂಗಳುಪೆಟ್ಟಿಗೆಯ ಕಡೆ ಕೈ ತೋರಿಸಿದೆ. "ಎಲ್ಲಾ ಬರ್ದು ಅಂಟ್ಸಿದೀನಿ, ಓದ್ಕೊ." ಜಗತ್ತೆಲ್ಲ ಫ್ರಿಜ್ ಎನ್ನುವುದನ್ನು ತಂಗಳುಪೆಟ್ಟಿಗೆ ಎನ್ನುವವಳು ನ್ಯೂಜಿಲೆಂಡಿನ ಈ ಅಪ್ಪರ್ ಹಟ್‌ನಲ್ಲಿ ನೀನೊಬ್ಬಳೇ ಇದ್ದೆ. ದಿನವಿಡೀ ಶಾಲೆಯಲ್ಲಿ ಇಂಗ್ಲಿಷಿನಲ್ಲಿ ಗಣಿತ ಹೇಳಿಕೊಟ್ಟು ಬಂದವಳು, ಹೊಸ್ತಿಲು ದಾಟಿದ ಮೇಲೆ ಒಂದು ಇಂಗ್ಲಿಷ್ ಪದ ಆಡಲಿಲ್ಲ, ನನ್ನನ್ನೂ ಆಡಗೊಡಲಿಲ್ಲ. ವಿದ್ಯಾರ್ಥಿನಿಯಾಗಿ ಬಂದು ದಿಕ್ಕು ತೋಚದೆ ನಿಂತಿದ್ದ ನನಗೆ ನೀನು ಕೋಣೆ ಕೊಟ್ಟೆ, ಏಳು ವರ್ಷ ಅಕ್ಕನಾಗಿದ್ದೆ. ಅದಕ್ಕೇ ನಿನ್ನ ಎಲ್ಲ ಹಟಕ್ಕೂ ತಲೆಯಾಡಿಸಿದೆ.

ನಿನ್ನ ಎರಡು ಪುಟಗಳನ್ನು ನಾನು ಪರೀಕ್ಷೆಗೆ ಓದಿದ ಹಾಗೆ ಓದಿದೆ. ದಿನಕ್ಕೊಮ್ಮೆ ಬಾಚು, ಕೂದಲುದುರುವ ಕಾಲದಲ್ಲಿ ಎರಡು ಸಲ. ಒದ್ದೆ ಕೈಯಲ್ಲಿ ಬೆನ್ನು ಸವರು, ಬಿಡಿಗೂದಲು ಅಂಗೈಗೆ ಅಂಟಿಕೊಂಡು ಬರುತ್ತದೆ. ಸ್ನಾನ ಮಾತ್ರ ಬೇಡ, ಬೆದರಿ ಪ್ರಾಣ ಬಿಟ್ಟೀತು. ಮೊಲ ಮೈ ನೆಕ್ಕಿಕೊಂಡು ಕೂದಲು ನುಂಗುತ್ತದೆ, ಬೆಕ್ಕಿನ ಹಾಗೆ ಕಕ್ಕಿಬಿಡಲು ಅದಕ್ಕೆ ಬರುವುದಿಲ್ಲ. ನುಂಗಿದ್ದೆಲ್ಲ ಹೊರಗೆ ಹೋಗಬೇಕಾದರೆ ಒಣಹುಲ್ಲು ಸದಾ ಮುಂದಿರಬೇಕು. ಆ 'ಒಣಹುಲ್ಲು' ಪದದ ಕೆಳಗೆ ನೀನು ಎರಡು ಗೆರೆ ಎಳೆದಿದ್ದೆ.

ಮಾರ್ಚ್ ಕೊನೆಯಲ್ಲಿ, ಸಂಜೆ ರೈಲು ಇಳಿಯುವಾಗ ಫೋನ್ ಬಂತು. ನಿನ್ನ ಅಕ್ಕ. "ವಸು ಹೋದ್ಲು ಕಣಮ್ಮಾ" ಎಂದರು. ಎಲ್ಲಿಗೆ ಎಂದು ಕೇಳಿದೆ, ನಿಜವಾಗಿ ಹಾಗೆಯೇ ಕೇಳಿದೆ. ಕ್ಯಾನ್ಸರ್ ಅಂತೆ, ಹೊಟ್ಟೆಯಲ್ಲಂತೆ, ವರ್ಷದ ಹತ್ತಿರವಾಗಿತ್ತಂತೆ. ಹಿಂದಿನ ವಾರವಷ್ಟೇ ಪಟೇಲ ಆಕಳಿಸುವ ಫೋಟೋ ಕಳಿಸಿದ್ದೆ, 'ದಪ್ಪಗಾಗಿದಾನೆ, ಕಾಳು ಕಡಿಮೆ ಮಾಡು' ಎಂದು ನೀನು ಉತ್ತರ ಬರೆದಿದ್ದೆ. ಮೊಲದ ತೂಕದ ಬಗ್ಗೆ ಬರೆಯಲು ಕೈಯಲ್ಲಿ ಶಕ್ತಿ ಇತ್ತು, ಅಲ್ಲವಾ? ನನಗೆ ಇನ್ನೊಂದು ಸಾಲು...

ಇಲ್ಲಿನ ಕನ್ನಡದವರು ಒಂದು ಭಾನುವಾರ ಸಭಾಂಗಣದಲ್ಲಿ ಸೇರಿ ನಿನ್ನ ಫೋಟೋಗೆ ಹಾರ ಹಾಕಿದರು. ನಾನು ಉಪ್ಪಿಟ್ಟಿನ ತಟ್ಟೆ ಹಿಡಿದು ನಿಂತಿದ್ದೆ. ಒಬ್ಬೊಬ್ಬರಾಗಿ ಬಂದು ಕೇಳಿದ್ದು ಒಂದೇ ಪ್ರಶ್ನೆ. "ಒಂದೇ ಮನೇಲಿದ್ರಲ್ಲಮ್ಮಾ, ನಿಂಗೆ ಗೊತ್ತೇ ಇರ್ಲಿಲ್ವಾ?" ಏನು ಹೇಳಲಿ? ಗೊತ್ತಿತ್ತು ಎಂದರೆ ಸುಳ್ಳು, ಗೊತ್ತಿರಲಿಲ್ಲ ಎಂದರೆ ನಾಚಿಕೆ. ಅಷ್ಟು ಜನರ ನಡುವೆ ನನ್ನನ್ನು ಪೆದ್ದಿಯನ್ನಾಗಿ ನಿಲ್ಲಿಸಿದೆ ನೀನು. ತಟ್ಟೆಯನ್ನು ಅಲ್ಲೇ ಇಟ್ಟು ಮನೆಗೆ ಬಂದು ಪಟೇಲನನ್ನು ಬಾಚಿದೆ.

ಅಷ್ಟು ಹೊತ್ತಿಗೆ ಇಲ್ಲಿ ಚಳಿಗಾಲ ಹತ್ತಿರವಾಗಿ, ಎಲೆ ಹಣ್ಣಾಗಿ, ಪಟೇಲನ ಮೈಗೂದಲು ಬಿಚ್ಚಿಕೊಳ್ಳಲು ಶುರುವಾಗಿತ್ತು. ಮೊದಲು ನೆತ್ತಿ, ಆಮೇಲೆ ಕುತ್ತಿಗೆ, ಆಮೇಲೆ ಬೆನ್ನು; ಅರ್ಧ ಕಳಚಿದ ಸ್ವೆಟರ್ ಹಾಕಿಕೊಂಡವನ ಹಾಗೆ ನಡುಮನೆಯಲ್ಲಿ ಕಾಲು ಮಡಚಿ ಕೂತು, ನನ್ನ ಮೇಲೆ ಪಂಚಾಯಿತಿ ನಡೆಸುತ್ತಿದ್ದ. ನೀನು ಹುಲ್ಲು ತುಂಬಿಸಿಟ್ಟು ಹೋಗಿದ್ದ ಕರಿ ಚೀಲ ಆಗಲೇ ಖಾಲಿಯಾಯಿತು; ಆ ಹುಲ್ಲು ಹಳತಾಗಿ ಬಣ್ಣ ಮಾಸಿ ಹಳದಿಗೆ ತಿರುಗಿತ್ತು. ರೈತರ ಸಾಮಾನಿನ ಅಂಗಡಿಗೆ ಹೋದೆ. ಕೌಂಟರಿನ ಹೆಂಗಸು 'ಹೇ' ಬೇಕಾ, 'ಸ್ಟ್ರಾ' ಬೇಕಾ ಎಂದಳು. ನನಗೆ ಬೇಕಾದದ್ದು ಒಣಹುಲ್ಲು! ಸುತ್ತ ನೋಡಿದೆ. ಒಂದು ಪಿಂಡಿ ಇನ್ನೂ ಹಸಿರು ಹಸಿರಾಗಿತ್ತು, ಸರಿಯಾಗಿ ಒಣಗಿಲ್ಲ ಎಂದುಕೊಂಡೆ. ಇನ್ನೊಂದು ಬಂಗಾರದ ಬಣ್ಣಕ್ಕೆ ತಿರುಗಿ ಗರಿಗರಿಯಾಗಿತ್ತು, ಊರಿನ ಬಣವೆಯಿಂದ ಎಳೆದು ತಂದ ಹಾಗೆ. ಅದನ್ನೇ ತೋರಿಸಿ, ಹೆಮ್ಮೆಯಿಂದ ಹೊತ್ತು ತಂದೆ.

ಹತ್ತು ದಿನಕ್ಕೆ ಅವನ ಹಿಕ್ಕೆಗಳು ಸಣ್ಣವಾದವು, ಕೂದಲಿನಲ್ಲಿ ಪೋಣಿಸಿದ ಮಣಿಗಳ ಹಾಗೆ ಒಂದಕ್ಕೊಂದು ಜೋತುಕೊಂಡು ಬಿದ್ದವು. ಆಮೇಲೆ ಅವೂ ನಿಂತವು. ಒಂದು ಶನಿವಾರ ಬೆಳಿಗ್ಗೆ ಕೊತ್ತಂಬರಿ ಸೊಪ್ಪು ಹಿಡಿದರೂ ಇತ್ತ ತಿರುಗಿ ನೋಡಲಿಲ್ಲ, ಮೂಲೆಯಲ್ಲಿ ಬೆನ್ನು ಗೂನು ಮಾಡಿ ಹಲ್ಲು ಕಡಿಯುತ್ತ ಕೂತಿದ್ದ. ಪಕ್ಕದ ಮನೆಯ ಜ್ಯಾನ್ ತಮ್ಮ ಗಿಡದ ಫೀಜೋವಾ ಹಣ್ಣು ಕೊಡಲು ಬಂದವರು ಅವನನ್ನು ನೋಡಿದ್ದೇ ಚೀಲ ಕೆಳಗಿಟ್ಟರು. "ಈಗಲೇ ಹೊರಡು" ಎಂದು ತಮ್ಮ ಯೂಟ್ ಗಾಡಿ ತೆಗೆದರು. ಪ್ರಾಣಿ ವೈದ್ಯರ ಬಳಿ ಪಟೇಲ ಎಂಬುದು ನನ್ನ ಮನೆತನದ ಹೆಸರೆಂದುಕೊಂಡು ಮಿಸೆಸ್ ಪಟೇಲ್ ಎಂದು ಕರೆದರು. ತಿದ್ದುವ ತ್ರಾಣ ಇರಲಿಲ್ಲ, ಎದ್ದು ಒಳಗೆ ಹೋದೆ.

ಡಾಕ್ಟರಮ್ಮ ಹೊಟ್ಟೆ ಮುಟ್ಟಿ ನೋಡಿ, ಕರುಳು ನಿಂತುಬಿಟ್ಟಿದೆ ಎಂದರು. ಏನು ತಿನ್ನಿಸುತ್ತೀಯ ಎಂದು ಕೇಳಿದರು. ಫೋನಿನಲ್ಲಿದ್ದ ಪಿಂಡಿಯ ಫೋಟೋ ತೋರಿಸಿದೆ. ಅವರು ನನ್ನನ್ನೂ ಫೋಟೋವನ್ನೂ ನೋಡಿದರು. "ಇದು ಕೆಳಗೆ ಹಾಸೋದು. ತೆನೆ ಕೊಯ್ದ ಮೇಲೆ ಉಳಿದ ಕಡ್ಡಿ. ಇದರಲ್ಲಿ ಸತ್ವವೇ ಇಲ್ಲ, ಅವನು ಹೊಟ್ಟೆ ತುಂಬ ತಿಂದೇ ಇಲ್ಲ. ಅವನಿಗೆ ಬೇಕಾಗಿದ್ದದ್ದು ಹೇ." ಆ ಹಸಿರು ಪಿಂಡಿ, ಅಕ್ಕಾ. ಹೇ ಅಂದರೆ ಅದು. ನಿನ್ನ ಮೈಸೂರಿನಲ್ಲೂ ನನ್ನ ಗದಗಿನಲ್ಲೂ ಒಣಹುಲ್ಲು ಎಂದರೆ ಬಂಗಾರದ ಬಣ್ಣದ್ದೇ ಅಲ್ಲವಾ, ದನ ಅದನ್ನೇ ತಿನ್ನುವುದಿಲ್ಲವಾ? ಒಂದೇ ಒಂದು ಇಂಗ್ಲಿಷ್ ಪದ, ಮೂರೇ ಅಕ್ಷರ. ಅದನ್ನು ಬರೆದಿದ್ದರೆ ನಿನ್ನ ಕನ್ನಡ ಮೈಲಿಗೆಯಾಗುತ್ತಿತ್ತಾ? ಉಳಿಯುತ್ತಾನೋ ಇಲ್ಲವೋ ಎರಡು ದಿನ ನೋಡಬೇಕು ಎಂದು ಹೇಳಿ, ಸೂಜಿ ಚುಚ್ಚಿ, ಸಿರಿಂಜಿನಲ್ಲಿ ಕುಡಿಸುವ ಹುಲ್ಲಿನ ಪುಡಿ ಕೊಟ್ಟು ಕಳಿಸಿದರು.

ವಾಪಸು ಬರುವಾಗ ಪಟೇಲನ ಬುಟ್ಟಿ ನನ್ನ ತೊಡೆಯ ಮೇಲಿತ್ತು. ಜ್ಯಾನ್ ನನ್ನ ಕಡೆ ನೋಡಿ ಮೆಲ್ಲಗೆ ಹೇಳಿದರು. "ವಸು ಕೂಡ ಹೀಗೇ ಕೂರ್ತಿದ್ದಳು, ತೊಡೆಯ ಮೇಲೆ ಬೋಗುಣಿ ಇಟ್ಕೊಂಡು. ಪ್ರತಿ ಮಂಗಳವಾರ." ಯಾವ ಮಂಗಳವಾರ ಎಂದೆ. ಅವರ ಮುಖ ಬಿಳಿಚಿತು. ನನಗೆ ಗೊತ್ತಿದೆ ಎಂದುಕೊಂಡಿದ್ದರು ಪಾಪ. ಕಳೆದ ಆಗಸ್ಟಿನಿಂದ ಕ್ರಿಸ್‌ಮಸ್‌ವರೆಗೆ, ನಾನು ಆಫೀಸಿಗೆ ರೈಲು ಹತ್ತಿದ ಮೇಲೆ, ನಿನ್ನನ್ನು ಕೀಮೋ ಚಿಕಿತ್ಸೆಗೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ ನಾನು ಬರುವ ಮೊದಲು ಮನೆ ಮುಟ್ಟಿಸುತ್ತಿದ್ದರಂತೆ. ಅವರಿಗೆ ನೀನು ಎಲ್ಲವನ್ನೂ ಹೇಳಿದ್ದೆ. ಇಂಗ್ಲಿಷಿನಲ್ಲಿ! ನಮ್ಮ ಹೊಸ್ತಿಲೊಳಗೆ ಬರಬಾರದ ಆ ಭಾಷೆಯಲ್ಲಿ ಬೇಲಿಯಾಚೆಯವರಿಗೆ ಹೇಳಿದ್ದನ್ನು, ಕನ್ನಡದಲ್ಲಿ ನನಗೆ ಹೇಳಲು ನಿನಗೆ ಬಾಯಿ ಬರಲಿಲ್ಲ.

ಸೆಪ್ಟೆಂಬರ್ ನೆನಪಾಗಿ ತಲೆ ಕೆಟ್ಟುಹೋಯಿತು. ಇಲ್ಲಿ ಚಳಿಗಾಲ ಮುಗಿಯುವ ಹೊತ್ತು, ಪಟೇಲ ಚಳಿಗಾಲದ ಕೂದಲು ಉದುರಿಸುತ್ತಿದ್ದ. ಬಚ್ಚಲಿನ ನೀರು ಕಟ್ಟಿಕೊಂಡಿತ್ತು. ನಾನು ಬಗ್ಗಿ, ಜಾಲರಿ ತೆಗೆದು, ಕೂದಲಿನ ಉಂಡೆ ಎಳೆದು ತೆಗೆದೆ. "ಪಟೇಲಂದು ಕಣೇ, ಈ ಸಲ ಜಾಸ್ತಿ ಉದುರ್ತಿದೆ" ಎಂದೆ ನೀನು. ಮೊಲ ಬಚ್ಚಲಿಗೆ ಯಾಕೆ ಹೋಗುತ್ತದೆ? ಮೊಲದ ಕೂದಲು ಗೇಣುದ್ದ ಎಲ್ಲಿರುತ್ತದೆ? ಕೈಯಲ್ಲಿ ಹಿಡಿದಿದ್ದೆ ಅಕ್ಕಾ, ಕೈಯಲ್ಲಿ ಹಿಡಿದೇ ಪಟೇಲನನ್ನು ಬೈದೆ. ಮುಂದಿನ ವಾರ ನೀನು ಕ್ರಾಪ್ ಮಾಡಿಸಿಕೊಂಡೆ, ಅದರ ಮುಂದಿನ ವಾರ ಉಣ್ಣೆ ಟೋಪಿ ಬಂತು. ಅಪ್ಪರ್ ಹಟ್ ಚಳಿ ಎಂದೆ ನೀನು, ನಾನು ನಂಬಿದೆ. ಹಸಿರು ಬಣ್ಣದ್ದು ಇನ್ನೊಂದು ನಾನೇ ತಂದುಕೊಟ್ಟೆ! ಮನೆಯಲ್ಲಿ ಇಬ್ಬರಿಗೆ ಕೂದಲು ಉದುರುತ್ತಿತ್ತು, ನಾನು ದಿನಕ್ಕೆ ಎರಡು ಸಲ ಕೂತು ಬಾಚಿದ್ದು ಮೊಲವನ್ನು. ನಿನ್ನ ಮೇಲಿನ ಸಿಟ್ಟಿನಲ್ಲಿ ಅರ್ಧ ನನ್ನ ಮೇಲಿನದೇ ಎಂದು ಒಪ್ಪಿಕೊಳ್ಳುತ್ತೇನೆ. ಆದರೆ ಉಳಿದ ಅರ್ಧ ನಿನ್ನದು, ಅದನ್ನು ಬಿಡುವುದಿಲ್ಲ.

ಯಾಕೆ ಮುಚ್ಚಿಟ್ಟಳು ಎಂದು ಜ್ಯಾನ್‌ರನ್ನು ಕೇಳಿದೆ. ದೂರದ ಮನುಕಾವ್‌ನಲ್ಲಿ ಈ ಜೂನ್‌ಗೆ ಸೇರಬೇಕಾದ ಹೊಸ ಕೆಲಸವನ್ನು ನಾನು ಬಿಟ್ಟುಬಿಡುತ್ತೇನೆ ಎಂದು ನಿನಗೆ ಭಯವಂತೆ. ಅಕ್ಟೋಬರಿನಲ್ಲಿ ನನ್ನನ್ನು ಸಂದರ್ಶನಕ್ಕೆ ಕಳಿಸುವಾಗ ಅಂಗಿಗೆ ಇಸ್ತ್ರಿ ಹಾಕಿ ಕೊಟ್ಟೆಯಲ್ಲ, ಆ ದಿನವೂ ಮಂಗಳವಾರವೇ. ಹೌದು, ಬಿಡುತ್ತಿದ್ದೆ. ಖಂಡಿತ ಬಿಡುತ್ತಿದ್ದೆ. ಬಿಡಲೋ ಹಿಡಿಯಲೋ ಎಂದು ತೀರ್ಮಾನಿಸಬೇಕಾದವಳು ನಾನಾಗಿರಲಿಲ್ಲವಾ? ನೀನು ವಾಪಸು ಬರದಿದ್ದರೆ ಪಟೇಲ ಜ್ಯಾನ್ ಮನೆಗೆ ಹೋಗಬೇಕು ಎಂದೂ ಮಾತಾಗಿತ್ತಂತೆ. ರೇಣುಗೆ ತಡೆದುಕೊಳ್ಳಲು ಆಗುವುದಿಲ್ಲ, ಹಗುರಾಗಿ ಹೋಗಲಿ ಎಂದೆಯಂತೆ. ನನಗೆ ಎಷ್ಟು ತಡೆದುಕೊಳ್ಳಲು ಆಗುತ್ತದೆ ಎಂದು ನೀನು ಯಾವತ್ತು ಕೇಳಿ ನೋಡಿದೆ?

ಈಗ ಸುದ್ದಿ ಕೇಳು. ಎರಡು ದಿನ ಅವನನ್ನು ಟವೆಲ್ಲಿನಲ್ಲಿ ಸುತ್ತಿ ಹಿಡಿದು, ತುಟಿಯ ಪಕ್ಕದಿಂದ ಸಿರಿಂಜು ತೂರಿಸಿ ಹುಲ್ಲಿನ ಗಂಜಿ ಕುಡಿಸಿದೆ. ನನ್ನ ಕೈ ತುಂಬ ಪರಚಿದ. ಮೂರನೆಯ ದಿನ ಬೆಳಿಗ್ಗೆ ಅಡುಗೆಮನೆಯ ನೆಲದ ಮೇಲೆ ಏಳು ಹಿಕ್ಕೆ. ಮೊಲದ ಹಿಕ್ಕೆ ಎಣಿಸುತ್ತ ಅಳುವ ಇಂಜಿನಿಯರ್ ನ್ಯೂಜಿಲೆಂಡಿನಲ್ಲಿ ನಾನೊಬ್ಬಳೇ ಇರಬೇಕು. ಜ್ಯಾನ್ ಬುಟ್ಟಿ ಹಿಡಿದು ಬಂದಾಗ, ಕೊಡುವುದಿಲ್ಲ ಎಂದೆ. ಅವರು ವಾದ ಮಾಡಲಿಲ್ಲ, ತಮ್ಮ ಪರಿಚಯದ ಹೊಲದಿಂದ ಒಂದು ಚೀಲ ಹಸಿರು ಹೇ ತಂದು ಬಾಗಿಲಲ್ಲಿ ಇಟ್ಟು ಹೋದರು. ಜೂನ್‌ನಲ್ಲಿ ಮನುಕಾವ್‌ಗೆ ಹೊರಟಿದ್ದೇನೆ. ಅಲ್ಲಿನ ಒಂಬತ್ತು ಬಾಡಿಗೆ ಮನೆಯವರು ಮೊಲ ಎಂದ ಕೂಡಲೇ ಬೇಡ ಎಂದರು, ಹತ್ತನೆಯವರು ಒಪ್ಪಿದ್ದಾರೆ.

ಇನ್ನೊಂದು ಇದೆ. ನಿನ್ನೆ ಗದಗಿಗೆ ಫೋನ್ ಮಾಡಿದ್ದೆ. ಅವ್ವ ಎಂದಿನಂತೆ "ಆರಾಮ ಅದೀ ಏನವಾ?" ಎಂದಳು. ಏಳು ವರ್ಷದಿಂದ ಪ್ರತಿ ಭಾನುವಾರ ನಾನು ಕೊಟ್ಟದ್ದು ಒಂದೇ ಉತ್ತರ, ಜ್ವರದಲ್ಲಿ ಮಲಗಿದಾಗಲೂ, ಕೆಲಸ ಹೋದಾಗಲೂ. ದೂರದಲ್ಲಿರುವವರು ಎಲ್ಲರೂ ಕೊಡುವ ಉತ್ತರ, ನೀನು ನನಗೆ ಪಕ್ಕದ ಕೋಣೆಯಿಂದಲೇ ಕೊಟ್ಟ ಉತ್ತರ. ನಿನ್ನೆ ನನ್ನ ಬಾಯಿಂದ ಅದು ಬರಲಿಲ್ಲ. "ಆರಾಮ ಇಲ್ಲವಾ" ಎಂದೆ. ಗಾಬರಿಯಾಗುತ್ತಾಳೆ, ಅಳುತ್ತಾಳೆ, ಅಪ್ಪನನ್ನು ಕೂಗುತ್ತಾಳೆ ಎಂದು ಕಾದೆ. ಅವ್ವ ಕುರ್ಚಿ ಎಳೆದುಕೊಂಡ ಸದ್ದಾಯಿತು.

"ಹೇಳವಾ," ಎಂದಳು, "ಕೇಳಾಕತ್ತೀನಿ."

ಇಷ್ಟೇ ಅಕ್ಕಾ. ಇಷ್ಟು ಹೇಳಲು ನನಗೂ ಬರುತ್ತಿತ್ತು.

ರೇಣು