ಹದಿನಾಲ್ಕು ಕಿಲೋದ ಚೀಲ

ಕಾಕಾ,

ಗಜೇಂದ್ರಗಡದ ಬಸ್ ನಿಲ್ದಾಣದ ಎದುರಿನ ಕಾಳಿನ ಅಂಗಡಿಯಲ್ಲಿ ನನ್ನ ಚೀಲವನ್ನು ತಕ್ಕಡಿಗೆ ಏರಿಸಿದ್ದು ನೆನಪಿದೆಯೇ? ಒಬ್ಬಳೇ ಕ್ಯಾಮೆರಾ ಹಿಡಿದು, ಒಬ್ಬಳೇ ಪ್ರಶ್ನೆ ಕೇಳಿ, ಒಬ್ಬಳೇ ವಿಡಿಯೊ ಕತ್ತರಿಸಿ ಕಳಿಸುವ ವರದಿಗಾರ್ತಿಯಾಗಿ ನನಗಾಗ ಮೂರು ತಿಂಗಳು. ಚೀಲ ಹದಿನಾಲ್ಕು ಕಿಲೋ ತೂಗಿತು. "ಸುದ್ದಿಗೆ ಹೊಂಟೀಯೋ, ಗಂಡನ ಮನಿಗೆ ಹೊಂಟೀಯೋ?" ಎಂದಿರಿ. ಅಂಗಡಿಯವನೂ ನಕ್ಕ. ಆಮೇಲೆ ಮೆಲ್ಲಗೆ ಕೇಳಿದಿರಿ: "ಇದರಾಗ ಯಾವದನ್ನ ಬಿಟ್ಟರ ಸುದ್ದಿ ಸಾಯತೈತಿ, ಹೇಳವ್ವಾ." ಎಲ್ಲವೂ ಬೇಕು ಎಂದೆ. ಮೂವತ್ತು ವರ್ಷ ಒಂದು ಪೆನ್ನು, ಒಂದು ನೋಟ್‌ಬುಕ್ಕಿನಲ್ಲೇ ರೋಣದ ಸುದ್ದಿ ಬರೆದ ನಿಮಗೆ ವಿಡಿಯೊ ಕೆಲಸ ಏನು ತಿಳಿದೀತು ಅಂತ...

ನೀವು ತೀರಿಹೋದ ವರ್ಷವೇ ಶರಣವ್ವ ಎಂಬ ಕೂಲಿ ಹೆಣ್ಣುಮಗಳು ಫೋನ್ ಮಾಡಿದರು. ರಾಜೂರಿನ ಆಚೆಗೆ ಅವರ ಸಣ್ಣ ಊರು. ಅಲ್ಲಿನ ಶುದ್ಧ ನೀರಿನ ಘಟಕಕ್ಕೆ ಬೀಗ ಬಿದ್ದು ತಿಂಗಳುಗಳಾಗಿದ್ದವು. ಬೋರಿನ ನೀರು ಸವಳು. ಕೂಲಿಗೆ ಹೋಗುವ ಮುಂಚೆ ಹೆಂಗಸರು ಪಕ್ಕದ ಊರಿನಿಂದ ಕೊಡ ಹೊತ್ತು ತರಬೇಕಿತ್ತು. ನಾನು ಸಾಮಾನೆಲ್ಲ ಕಟ್ಟಿದೆ. ಆದರೆ ಅಷ್ಟು ಭಾರ ಹೊತ್ತು ಬಸ್ ನಿಲ್ಲುವ ಕ್ರಾಸಿನಿಂದ ಊರಿಗೆ ನಡೆಯುವುದು ಹೇಗೆ? ಪಂಚಾಯ್ತಿ ಸದಸ್ಯರೊಬ್ಬರಿಗೆ ಫೋನ್ ಮಾಡಿ ಗಾಡಿ ಕೇಳಿದೆ. ತಪ್ಪಾಗಿದ್ದು ಅಲ್ಲೇ.

ನಾನು ಹೋಗುವಷ್ಟರಲ್ಲಿ ಘಟಕವನ್ನು ತೊಳೆದಿಟ್ಟಿದ್ದರು, ನಳದಲ್ಲಿ ನೀರು ಸುರಿಯುತ್ತಿತ್ತು. ಸದಸ್ಯರು ಗ್ಲಾಸು ಹಿಡಿದು ನಿಂತಿದ್ದರು. ಟ್ರೈಪಾಡ್ ಹೂಡಿ ಮೂರು ಕಡೆಯಿಂದ ತೆಗೆದೆ. ಶರಣವ್ವ ಹೊಲಕ್ಕೆ ಹೋಗಿದ್ದರು. ಅವರ ಅತ್ತೆ ಬಾಗಿಲಲ್ಲಿ ತಂಬಿಗೆ ಹಿಡಿದು "ನೀರ ಕುಡಿಬರ್ರಿ" ಎಂದರು. ನನ್ನ ಎರಡೂ ಕೈಯಲ್ಲಿ ಸಾಮಾನು. "ಬಾಟಲಿ ಐತ್ರಿ" ಎಂದೆ. ಯಾರ ಮನೆಗೆ ಹೋದರೂ ಮೊದಲು ಅವರ ನೀರು ಕುಡಿದು, ಆಮೇಲೆ ಪೆನ್ನು ತೆಗೆಯುತ್ತಿದ್ದವರು ನೀವು. ಹೊತ್ತು ತಂದ ನೀರು ಮುಗಿದು ಅಂದು ಆ ಮನೆಯಲ್ಲಿದ್ದದ್ದು ಬೋರಿನ ನೀರೇ ಅಂತೆ. ಒಂದು ಗುಟುಕು ಕುಡಿದಿದ್ದರೆ ಉಪ್ಪು ನಾಲಿಗೆಗೆ ಹತ್ತುತ್ತಿರಲಿಲ್ಲವೇ? ಘಟಕ ಮತ್ತೆ ಶುರುವಾಗಿದೆ ಎಂದು ವರದಿ ಮಾಡಿದೆ.

ನಾಲ್ಕು ದಿನಕ್ಕೆ ಶರಣವ್ವನ ಫೋನು. "ಅಕ್ಕಾರ, ನೀವು ಗಾಡಿ ಹತ್ತಿದ್ರಿ, ಅವರು ಕೀಲಿ ಹಾಕಿದ್ರು. ಮಷೀನ ಕೆಟ್ಟ ಐತ್ರಿ, ಅವತ್ತ ಟ್ಯಾಂಕರ್ ನೀರ ತುಂಬಿ ಬಿಟ್ಟಿದ್ರು. ಪಂಚಾಯ್ತಿಗೆ ಹೋದರ ನಿಮ್ಮ ವಿಡಿಯೋನ ತೋರಸ್ತಾರ್ರಿ. ಊರಿಗೆಲ್ಲ ಕಂಡ ನೀರು ನಿನಗೊಬ್ಬಾಕಿಗೆ ಕಾಣವಲ್ದೇನು ಅಂತಾರ. ಒಂದ ಕೆಲಸ ಮಾಡ್ರಿ, ದಿನಾ ಬರ್ರಿ. ನಿಮ್ಮ ಕ್ಯಾಮೆರಾ ಅಂಜಿಕಿಗರ ನೀರ ಬರತಾವ."

ನೀವೊಮ್ಮೆ ನರಗುಂದದ ಅಪಘಾತದ ಸುದ್ದಿಯಲ್ಲಿ ಸತ್ತವನ ಬದಲು ಅವನ ತಮ್ಮನ ಹೆಸರು ಬರೆದಿದ್ದಿರಿ. ಮರುದಿನ ಪತ್ರಿಕೆಯಲ್ಲಿ ತಿದ್ದುಪಡಿ ಬಂದಿತ್ತು, ಅಷ್ಟೇ ಸಾಕಿತ್ತು. ಆದರೂ ಆ ಪುಟ ಹಿಡಿದು ಮೊದಲ ಬಸ್ಸಿಗೆ ಅವರ ಮನೆಗೆ ಹೋದಿರಿ. ನಮ್ಮ ಸಂಪಾದಕರು ನನಗೆ "ಹೊಸಾದು ಮಾಡ್ರಿ, ಹಳೇದು ಯಾಕ ಕೆದಕ್ತೀರಿ?" ಎಂದಾಗ ನೆನಪಾದದ್ದು ಅದೇ. ಹಳೆಯದನ್ನು ತಿದ್ದದೆ ಹೊಸದು ಕಳಿಸುವುದಿಲ್ಲ ಎಂದೆ. ಅವರು ಒಪ್ಪಿದರು.

ಸಾಮಾನೆಲ್ಲ ಮಂಚದ ಮೇಲೆ ಹರಡಿ, ಒಂದೊಂದನ್ನೇ ಎತ್ತಿ ನಿಮ್ಮ ಪ್ರಶ್ನೆ ಕೇಳಿಕೊಂಡೆ. ದೀಪ ಬಿಟ್ಟೆ, ಹಗಲಿತ್ತು. ಟ್ರೈಪಾಡ್ ಬಿಟ್ಟೆ, ಒರಗಲು ಗೋಡೆ ಇದ್ದೇ ಇರುತ್ತದೆ. ದೊಡ್ಡ ಕ್ಯಾಮೆರಾ ಬಿಡುವಾಗ ಕೈ ಸ್ವಲ್ಪ ತಡೆಯಿತು, ಸುಳ್ಳು ಹೇಳುವುದಿಲ್ಲ. ಸಣ್ಣ ಮೈಕ್ ಮಾತ್ರ ಬಿಡಲಿಲ್ಲ. ಚಿತ್ರ ಅಲುಗಿದರೆ ಜನ ತಡೆದುಕೊಳ್ಳುತ್ತಾರೆ, ಮಾತು ಕೇಳಿಸದಿದ್ದರೆ ಎದ್ದು ಹೋಗುತ್ತಾರೆ. ಫೋನು, ಮೈಕು, ಪವರ್ ಬ್ಯಾಂಕು, ಇಷ್ಟೇ. ಬೆಳಗಿನ ಮೊದಲ ಬಸ್ಸಿಗೆ ಹೋಗಿ ಕ್ರಾಸಿನಿಂದ ನಡೆದೆ. ಬೀಗ ಹಾಗೆಯೇ ಇತ್ತು, ನಳದ ಬಾಯಿಗೆ ಜೇಡರ ಬಲೆ ಕಟ್ಟಿತ್ತು. ಶರಣವ್ವ ಕೊಡ ಹೊತ್ತು ನಡೆಯುತ್ತಲೇ ಮಾತಾಡಿದರು, ನಾನೂ ಜೊತೆಗೇ ನಡೆದೆ. ಹದಿನಾಲ್ಕು ಕಿಲೋ ಹೊತ್ತಿದ್ದರೆ ಆಗುತ್ತಿತ್ತೇ? ಅಷ್ಟರಲ್ಲಿ ಸದಸ್ಯರು ಓಡಿ ಬಂದರು. "ಏನ್ರಿ ಅಕ್ಕಾರ, ಒಂದ ಮಾತ ಹೇಳಿ ಬರಬಾರದೇನ್ರಿ?"

"ಹೋದ ಸಲ ಹೇಳೇ ಬಂದಿದ್ದೆನಲ್ರಿ," ಎಂದೆ.

ಹೊಸ ವರದಿ ಶುರುವಾಗುವುದೇ "ನನ್ನ ಹಿಂದಿನ ವರದಿ ತಪ್ಪಾಗಿತ್ತು, ತಪ್ಪು ಹೇಗಾಯಿತೆಂದರೆ" ಎಂಬ ಮಾತಿನಿಂದ. ಈವರೆಗಿನ ನನ್ನ ಕೆಲಸದಲ್ಲಿ ಆ ಇಪ್ಪತ್ತು ಸೆಕೆಂಡಿನ ಬಗ್ಗೆಯೇ ನನಗೆ ಹೆಚ್ಚು ಹೆಮ್ಮೆ. ನೀವಿದ್ದರೆ ಆ ಮಾತಿನ ಕೆಳಗೆ ಕೆಂಪು ಪೆನ್ನಿನಲ್ಲಿ ಮೆಚ್ಚುಗೆಯ ಒಂದು ಗೆರೆ ಎಳೆಯುತ್ತಿದ್ದಿರಿ.

ನಿಮಗೆ ಗೊತ್ತಿರದ ಸುದ್ದಿ ಇದು: ಘಟಕದ ಯಂತ್ರ ರಿಪೇರಿಯಾಗಿದೆ. ಬೀಗದ ಕೈ ಈಗ ಊರಿನ ಮಹಿಳಾ ಸಂಘದ ಬಳಿ ಇದೆ, ಅಂದರೆ ಶರಣವ್ವನ ಸೆರಗಿನ ತುದಿಯಲ್ಲಿ. ಹದಿನೈದು ದಿನಕ್ಕೊಮ್ಮೆ ಹೇಳದೇ ಹೋಗಿ ನೋಡಿ ಬರುತ್ತೇನೆ. ಕಳೆದ ಸೋಮವಾರ ಹೋದಾಗ ನೀರು ಬರುತ್ತಿತ್ತು, ಕೊಡಗಳ ಸಾಲು ಬಾಗಿಲು ದಾಟಿತ್ತು. ಯಾರೂ ನನ್ನತ್ತ ತಿರುಗಲಿಲ್ಲ. ಶರಣವ್ವ ಮಾತ್ರ ನಳದ ಮೇಲಿನ ಕಣ್ಣು ತೆಗೆಯದೆ ಹೇಳಿದರು: "ಸರದಿ ಐತ್ರಿ ಅಕ್ಕಾರ, ಬಾಜೂಕ ನಿಂದರ್ರಿ."

ಸರಿದು ನಿಂತೆ, ಕಾಕಾ.

ನಿಮ್ಮ
ಸುನಂದಾ