ಎಂಟನೇ ನಂಬರಿನ ಕೆಂಪು ಕಿವಿ

ಮಹಡಿ ಮೇಲಿನ ಮನೆ
ಮಾರ್ಚ್ ೧೨, ಬುಧವಾರ, ಊಟವಾದ ಮೇಲೆ

ಪ್ರೀತಿಯ ಮಗಳೇ,

ಹೇಗಿದ್ದೀಯ? ಕಾರನ್ನು ತಳ್ಳಿಸಿ ತಿರುಗಿಸುವಾಗ ಹಿಡಿದ ಭುಜದ ನೋವು ಇಳಿಯಿತೇ? ಆ ಮುದಿ ಗಾಡಿಯ ಸ್ಟೀರಿಂಗ್ ತಿರುಗಿಸುವುದೆಂದರೆ ಮುನಿಸಿಕೊಂಡ ಎತ್ತನ್ನು ಎಳೆದಂತೆ ಎಂದು ನಿನ್ನ ದೊಡ್ಡಪ್ಪ ಹೇಳುತ್ತಿದ್ದದ್ದು ನೆನಪಿದೆ. ಹೊತ್ತುಹೊತ್ತಿಗೆ ತಿನ್ನು. ನನ್ನ ಮಂಡಿ ಮೆಟ್ಟಿಲು ಇಳಿಯುವಾಗ ಮಾತ್ರ ಮಾತಾಡುತ್ತದೆ, ಹತ್ತುವಾಗ ಸುಮ್ಮನಿರುತ್ತದೆ. ಫೋನಿನಲ್ಲಿ ನೀನು ಹೇಳುವುದರಲ್ಲಿ ಅರ್ಧ ನನಗೆ ಕೇಳಿಸುವುದಿಲ್ಲ, ಕೇಳಿಸಿದ ಅರ್ಧಕ್ಕೆ ‘ಹೂಂ’ ಅನ್ನುತ್ತೇನೆ, ಆಗ ನೀನು ‘ಅಪ್ಪಾ, ನಾನು ಕೇಳಿದ್ದು ಹೂಂ ಅನ್ನೋ ಪ್ರಶ್ನೆ ಅಲ್ಲ’ ಅಂತ ರೇಗುತ್ತೀಯ. ಅದಕ್ಕೆ ಕಾಗದವೇ ವಾಸಿ. ‘ವಿತ್ ರೆಫರೆನ್ಸ್ ಟು ದಿ ಅಬೌವ್ ಸಬ್ಜೆಕ್ಟ್’ ಎಂದು ಗತ್ತಿನಿಂದ ಶುರುಮಾಡೋಣವೆಂದರೆ, ಸಬ್ಜೆಕ್ಟ್ ಏನೆಂದು ನನಗೇ ಇನ್ನೂ ಸರಿಯಾಗಿ ತಿಳಿದಿಲ್ಲ. ಬರೆಯುತ್ತಾ ಹೋದರೆ ತಿಳಿದೀತು.

ನೀನು ದೊಡ್ಡಪ್ಪನ ಕಾರನ್ನು ಶೆಡ್ಡಿನಿಂದ ಎಳೆಸಿ, ಬಿಚ್ಚಿ, ಮತ್ತೆ ಜೋಡಿಸಿ, ಹಳೆಯ ಕಾರುಗಳ ಆರು ಗಂಟೆಯ ಓಟಕ್ಕೆ ಶನಿವಾರ ಇಳಿಸುತ್ತಿದ್ದೀಯ ಎಂದಾಗ ನಾನು ಬೇಡವೆನ್ನಲಿಲ್ಲ. ನಿನಗೆ ಬೇಡವೆಂದರೆ ಬೇಗ ಮಾಡುತ್ತೀಯ, ಅದು ನಿಮ್ಮಮ್ಮನ ಗುಣ. ಅವಳ ಎಡಗೆನ್ನೆಯ ಮಚ್ಚೆಯ ಜೊತೆಗೇ ನಿನಗೆ ಅದೂ ಬಂದಿದೆ. ಆ ಕಾಲದ ಓಟ ನಿನಗೆ ಗೊತ್ತಿಲ್ಲ. ಹಗಲೂ ರಾತ್ರಿ ಓಡಿಸುತ್ತಿದ್ದರು. ದೊಡ್ಡಪ್ಪ ಓಡಿಸುವುದು, ನಾನು ಓಟದ ನಡುವೆ ಕಾರು ನಿಲ್ಲಿಸುವ ಪಿಟ್‌ನಲ್ಲಿ ಸುತ್ತಿಗೆ ಹಿಡಿದು ಚಕ್ರ ಬದಲಿಸುವುದು, ನಿಮ್ಮಮ್ಮ ಗೋಡೆಯ ಮೇಲೆ ನಿಂತು ಓಡುವ ಕಾರಿಗೆ ಸೂಚನೆಯ ಬೋರ್ಡು ತೋರಿಸುವುದು. ಹೊಸ ಮದುವಣಗಿತ್ತಿಗೆ ನಾನು ತೋರಿಸಿದ ಪ್ರಪಂಚ ಪೆಟ್ರೋಲಿನ ವಾಸನೆಯದು. ಬೋರ್ಡು ನೋಡಿದ ಚಾಲಕ ಒಂದು ಕೈ ಮೇಲೆತ್ತಬೇಕು, ಅದು ಅವಳ ಕಾನೂನು. ಎತ್ತದಿದ್ದರೆ ಮುಂದಿನ ಸುತ್ತಿಗೂ, ಅದರ ಮುಂದಿನ ಸುತ್ತಿಗೂ ಅದೇ ಬೋರ್ಡು, ತೋಳು ಬಿದ್ದುಹೋದರೂ ಇಳಿಸುತ್ತಿರಲಿಲ್ಲ. ‘ಭಾವ ನೋಡಿದ್ರು ಅಂತ ನನಗೆ ಹೇಗೆ ಗೊತ್ತಾಗ್ಬೇಕು? ಬಾಯಿ ಬಿಡಲ್ಲ ಅಂದ್ರೆ ಕೈಯಾದ್ರೂ ಎತ್ತಲಿ!’ ಎಂದು ನನ್ನ ಮೇಲೆ ಕೂಗಾಡುತ್ತಿದ್ದಳು, ನಾನೇನೋ ಓಡಿಸುತ್ತಿದ್ದವನ ಹಾಗೆ.

ನಟ್ಟಿನ ವಿಷಯ ನಿನಗೆ ಹೇಳಿದ್ದೆ. ಆ ಕಾರಿನ ಚಕ್ರಕ್ಕೆ ನಾಲ್ಕೈದು ಬೋಲ್ಟುಗಳಿಲ್ಲ, ನಡುವೆ ಎರಡು ಕಿವಿಗಳ ಒಂದೇ ದೊಡ್ಡ ನಟ್ಟು, ಕಿವಿಗೆ ಸುತ್ತಿಗೆಯಿಂದ ಹೊಡೆದರೆ ಬಿಗಿ, ಹಿಂದಕ್ಕೆ ಹೊಡೆದರೆ ಸಡಿಲ. ಒಂದು ಬದಿಯ ನಟ್ಟು ಒಂದು ದಿಕ್ಕಿಗೆ ಬಿಗಿಯಾದರೆ ಇನ್ನೊಂದು ಬದಿಯದು ವಿರುದ್ಧ ದಿಕ್ಕಿಗೆ. ಸರಿಯಾದ ಬದಿಯಲ್ಲಿದ್ದರೆ ಓಡಿದಷ್ಟೂ ಬಿಗಿಯಾಗುತ್ತದೆ, ಬದಿ ತಪ್ಪಿದರೆ ಓಡಿದಷ್ಟೂ ಸಡಿಲ. ಕತ್ತಲಲ್ಲಿ ನಾನು ಎತ್ತೆತ್ತಲೋ ಹೊಡೆಯುವುದನ್ನು ನೋಡಲಾರದೆ ನಿಮ್ಮಮ್ಮ ಒಂದು ಬದಿಯ ಕಿವಿಗಳಿಗೆಲ್ಲ ತನ್ನ ಉಗುರಿನ ಬಣ್ಣ ಬಳಿದಳು. ಕೆಂಪು ಕಂಡರೆ ಹೀಗೆ ಹೊಡಿ, ಕಾಣದಿದ್ದರೆ ಹಾಗೆ. ಆಮೇಲೆ ನಾನು ಬದಿಯನ್ನು ನೋಡಿದ್ದೇ ಇಲ್ಲ, ಬಣ್ಣ ನೋಡಿ ಹೊಡೆದೆ. ಕೈಗೆ ಗೊತ್ತಿತ್ತು, ತಲೆ ಕಲಿಯಲಿಲ್ಲ. ಆದ್ದರಿಂದಲೇ ನೀನು ಬಿಚ್ಚಿಟ್ಟ, ಆ ನಟ್ಟುಗಳು ಕೂರುವ ಹಬ್‌ಗಳನ್ನು ಮುಂದಿಟ್ಟುಕೊಂಡು ಕೆಂಪು ಯಾವ ಬದಿಗೆ ಎಂದು ಕೇಳಿದಾಗ ನಾನು ತಡವರಿಸಿದೆ. ‘ಬಾಯಿಮಾತು ಬೇಡಪ್ಪ, ಫೋಟೋ ಕಳಿಸು’ ಎಂದು ನೀನೇ ಹೇಳಿದೆ. ನಿನ್ನ ಮೆಕ್ಯಾನಿಕ್ ಬೋಲ್ಟಿನ ಚಕ್ರಗಳ ಕಾಲದವನು, ಅವನಿಗೂ ಫೋಟೋವೇ ಗತಿ.

ನಾನು ಕಳಿಸಿದ್ದು ನನ್ನ ಕುರ್ಚಿಯ ಎದುರು ಗೋಡೆಯ ಮೇಲಿರುವ ಫೋಟೋ. ಓಟದ ಬೆಳಗಿನ ಜಾವದ್ದು. ಕಾರಿನ ಮೂತಿ, ಒಂದು ಮುಂಚಕ್ರ, ಮೂತಿಯ ಮೇಲೆ ಇಂಗ್ಲಿಷ್ ಎಂಟು, ಪಕ್ಕದಲ್ಲಿ ಬೋರ್ಡು ಹಿಡಿದ ನಿಮ್ಮಮ್ಮ, ಬೋರ್ಡಿನಲ್ಲೂ ಬರೀ ಎಂಟು. ನಮಗೆ ಕಾಣುವುದು ಕಾರಿನ ಬಲಬದಿ, ನಟ್ಟಿನ ಕಿವಿ ಕೆಂಪು. ಆದ್ದರಿಂದ ಕೆಂಪು ಬಲಕ್ಕೆ. ‘ಟು ದಿ ಬೆಸ್ಟ್ ಆಫ್ ಮೈ ನಾಲೆಜ್ ಅಂಡ್’ ಏನೋ ಬರುತ್ತದಲ್ಲ, ಅದನ್ನೂ ಸೇರಿಸಿ ಬರೆದೆ. ಎದುರು ಬೀದಿಯ ಸ್ಟುಡಿಯೋದವನು, ಅದೇ ನಮ್ಮ ಫ್ಲ್ಯಾಶ್ ಮಾಮ, ಕಣ್ಣು ಪಿಳಿಪಿಳಿ ಮಾಡುವವನು, ಬಂದು ಅದರ ಪ್ರತಿ ತೆಗೆದು ನಿನಗೆ ಕಳಿಸಿಕೊಟ್ಟ.

ಇನ್ನು ಬರೆಯುವುದನ್ನು ಓದಿ ನಗಬೇಡ. ಆ ಫೋಟೋದಲ್ಲಿ ನಿಮ್ಮಮ್ಮ ಯಾವಾಗಲೂ ಅಡುಗೆಮನೆಯ ಬಾಗಿಲ ಕಡೆ ನೋಡುತ್ತಿದ್ದಳು. ‘ಫೋಟೋಕ್ಕೆ ಹೋದ್ಮೇಲೂ ಹಾಲು ಉಕ್ಕೀತು ಅಂತ ಕಾಯ್ತೀಯಲ್ಲೇ’ ಎಂದು ನಾನು ಅವಳು ಹೋದ ಮೇಲೂ ತಮಾಷೆ ಮಾಡುತ್ತಿದ್ದೆ. ಪ್ರತಿ ನಿನಗೆ ತಲುಪಿದ ಕೆಲವೇ ದಿನಕ್ಕೆ, ಒಂದು ಮಧ್ಯಾಹ್ನ ಪೇಪರ್ ಮಡಿಸಿ ತಲೆಯೆತ್ತಿದರೆ ಅವಳು ನನ್ನನ್ನೇ ನೋಡುತ್ತಿದ್ದಳು. ನೇರವಾಗಿ. ಹಾಲು ಉಕ್ಕಿಸಿದವನನ್ನು ನೋಡುವ ನೋಟ. ಕನ್ನಡಕ ಒರೆಸಿದೆ, ಕುರ್ಚಿ ಸರಿಸಿದೆ. ಎಲ್ಲಿ ಕೂತರೂ ನನ್ನನ್ನೇ. ಆಮೇಲೆ ಮುಖ ಮೆಲ್ಲಗೆ ಹೊರಳುತ್ತಾ ಹೋಯಿತು, ಸಂಜೆಯ ನೆರಳು ಸರಿಯುವ ಹಾಗೆ. ಸರಿಯುವುದು ಕಾಣುವುದಿಲ್ಲ, ಸರಿದದ್ದು ಕಾಣುತ್ತದೆ. ಈಗ ಅವಳು ನೋಡುತ್ತಿರುವುದು ಬೀದಿ ಬಾಗಿಲ ಕಡೆ. ಕಾರಿನ ಮೂತಿಯೂ ಅತ್ತಲೇ ತಿರುಗಿದೆ. ಕೋಣೆಯಲ್ಲಿ ಮಧ್ಯಾಹ್ನವೆಲ್ಲ ಉಗುರಿನ ಬಣ್ಣದ ವಾಸನೆ, ಆ ಮೂಗು ಚುರುಗುಡಿಸುವ ವಾಸನೆ. ಕಿಟಕಿ ತೆರೆದರೂ ಹೋಗುವುದಿಲ್ಲ. ಹಳೆಯ ಬಣ್ಣದ ಫೋಟೋ ಅಲ್ಲವೇ, ಎಲ್ಲವೂ ಟೀ ಚೆಲ್ಲಿದ ಹಾಗೆ ಮಾಸಿಹೋಗಿತ್ತು. ಈಗಲೂ ಮಾಸಿಯೇ ಇದೆ, ನಟ್ಟಿನ ಕಿವಿಯೊಂದನ್ನು ಬಿಟ್ಟು. ಅದು ಈಗ ತಾನೇ ಬಳಿದಂತೆ ಹಸಿಹಸಿಯಾಗಿ ಹೊಳೆಯುತ್ತಿದೆ.

ವಯಸ್ಸಾಯಿತು, ತಲೆ ಕೆಟ್ಟಿತು ಎಂದುಕೊಂಡು ಇವತ್ತು ಬೆಳಗ್ಗೆ ಫ್ಲ್ಯಾಶ್ ಮಾಮನನ್ನು ಕರೆದೆ. ‘ರಾಯರೇ, ಪೊರೆ ಬಂದಿರೋದು ನಿಮ್ಮ ಕಣ್ಣಿಗೆ, ಫೋಟೋಗಲ್ಲ’ ಎನ್ನುತ್ತಲೇ ಮೆಟ್ಟಿಲು ಹತ್ತಿದ. ತನ್ನ ಮೊಬೈಲಿನಲ್ಲಿದ್ದ ಪ್ರತಿಯನ್ನು ಗೋಡೆಯ ಪಕ್ಕ ಹಿಡಿದ. ಒಂದರಲ್ಲಿ ಅವಳ ಮುಖ ಅತ್ತ, ಒಂದರಲ್ಲಿ ಇತ್ತ. ಯಾರೋ ಫೋಟೋ ಬದಲಿಸಿದ್ದಾರೆ ಎಂದು ಚೌಕಟ್ಟು ಇಳಿಸಿ ಹಿಂದೆ ತಿರುಗಿಸಿದ. ನಿಮ್ಮಮ್ಮ ಅಂಟಿಸಿದ ಕಂದು ಕಾಗದ ಹಾಗೇ ಇತ್ತು, ಒಂದು ಮೂಲೆಯೂ ಎದ್ದಿಲ್ಲ, ಅಂಟಿನಲ್ಲಿ ಅವಳ ಹೆಬ್ಬೆರಳಿನ ಗುರುತು ಒಣಗಿ ಕೂತಿತ್ತು. ಜೀವಮಾನದಲ್ಲಿ ಮೊದಲ ಸಲ ಆ ಮನುಷ್ಯನ ಕಣ್ಣು ಪಿಳಿಪಿಳಿ ಅನ್ನುವುದನ್ನು ನಿಲ್ಲಿಸಿತು. ಚೌಕಟ್ಟನ್ನು ಮೊಳೆಗೆ ಹಾಕಿ ಇಳಿದುಹೋದ. ಚಪ್ಪಲಿ ಇಲ್ಲೇ ಬಿಟ್ಟಿದ್ದಾನೆ. ನನಗೆ ಹೆದರಿಕೆ ಇಲ್ಲ ಎಂದರೆ ಸುಳ್ಳು. ಇಷ್ಟು ವರ್ಷ ಸಂಸಾರ ಮಾಡಿದವಳಿಗೆ ಹೆದರುವುದೇನು ಎಂದರೆ ಅದೂ ಸುಳ್ಳು, ಬದುಕಿದ್ದಾಗಲೂ ಹೆದರುತ್ತಿದ್ದೆ. ನನಗೆ ಅರ್ಥವಾಗದಿರುವುದು, ಅವಳಿಗೆ ನನ್ನ ಮೇಲೆ ಏನು ಕೋಪ ಎಂಬುದು. ಕಾಲೇಜಿನಲ್ಲಿ ಕನ್ನಡಿಯ ಪಾಠ ಮಾಡುವಾಗ ಎಡ ಬಲವಾಗಿ ಕಾಣುವುದಕ್ಕೆ ಒಂದು ಇಂಗ್ಲಿಷ್ ಹೆಸರು ಹೇಳಿಕೊಟ್ಟಿದ್ದರು, ‘ಲ್ಯಾಟರಲ್’ ಏನೋ ಒಂದು. ಬೆಳಗಿನಿಂದ ಬಾಲ ಸಿಗುತ್ತಿಲ್ಲ.

ಇರಲಿ. ನೀನು ಶನಿವಾರ ಚೆನ್ನಾಗಿ ಓಡಿಸು, ಗೆಲ್ಲಲೇಬೇಕೆಂದಿಲ್ಲ. ನಿನ್ನ ಮೆಕ್ಯಾನಿಕ್‌ಗೆ ನನ್ನ ನೆನಪು ಹೇಳು. ನಿಮ್ಮಮ್ಮ ಇದ್ದಿದ್ದರೆ ಏನು ಹರಸುತ್ತಿದ್ದಳೋ ಅದಷ್ಟೂ ನಿನಗಿರಲಿ, ನನ್ನ ಪಾಲು ಬೇರೆ.

ನಿನ್ನ,
ಅಪ್ಪ

ತಾಜಾ ಕಲಂ: ಇನ್ವರ್ಷನ್! ಲ್ಯಾಟರಲ್ ಇನ್ವರ್ಷನ್. ಲಕೋಟೆ ಹುಡುಕಲು ಎದ್ದವನು ಫೋಟೋದ ಮುಂದೆ ನಿಂತೆ. ಮಗಳೇ, ಗೋಡೆಯ ಮೇಲಿರುವವಳ ಮಚ್ಚೆ ಈಗ ಎಡಗೆನ್ನೆಯಲ್ಲಿದೆ, ಇರಬೇಕಾದಲ್ಲಿ. ನಿನ್ನ ಹತ್ತಿರವಿರುವ ಪ್ರತಿ ತೆಗೆದು ನೋಡು, ಅದರಲ್ಲಿ ಬಲಗೆನ್ನೆಯಲ್ಲಿರುತ್ತದೆ. ಆ ಫೋಟೋವನ್ನು ಮೊದಲಿಗೇ ತಿರುವುಮುರುವಾಗಿ ಅಚ್ಚು ಹಾಕಿದ್ದರು. ಇಂಗ್ಲಿಷ್ ಎಂಟನ್ನು ಹೇಗೆ ತಿರುಗಿಸಿದರೂ ಎಂಟೇ, ಯಾರಿಗೂ ತಿಳಿಯಲಿಲ್ಲ. ಅವಳು ಸರಿಮಾಡಿದ್ದಾಳೆ. ಕೆಂಪು ಕಿವಿ ಎಡಕ್ಕೆ. ಎಡಕ್ಕೆ! ನೀವು ಹಬ್‌ಗಳನ್ನೆಲ್ಲ ಅದಲು ಬದಲು ಹಾಕಿದ್ದೀರಿ, ನಾಲ್ಕೂ ಚಕ್ರ ಓಡಿದಷ್ಟೂ ಸಡಿಲವಾಗುತ್ತವೆ. ಬದಲಿಸುವವರೆಗೆ ಕಾರನ್ನು ಅಂಗಳದಲ್ಲೂ ಓಡಿಸಬೇಡ. ನಿನ್ನ ಫೋನು ಎಂದಿನಂತೆ ಆಫ್. ಫ್ಲ್ಯಾಶ್ ಮಾಮ ಚಪ್ಪಲಿಗೆ ಬಂದಿದ್ದಾನೆ, ಒಳಗೆ ಬರಲೊಲ್ಲ. ಈ ಹಾಳೆಗಳ ಚಿತ್ರ ತೆಗೆದು ನಿನ್ನ ಮೆಕ್ಯಾನಿಕ್‌ನ ಫೋನಿಗೆ ಈಗಲೇ ಕಳಿಸುತ್ತಾನೆ, ನಾನು ಸಂಜೆಯ ಬಸ್ಸಿಗೆ ಹೊರಟೆ. ಓದಿದ ಕೂಡಲೇ ನಿಂತಲ್ಲೇ ಒಂದು ಕೈ ಮೇಲೆತ್ತು. ಯಾರು ನಕ್ಕರೂ ಎತ್ತು. ಅವಳು ಇನ್ನೂ ಬೋರ್ಡು ಇಳಿಸಿಲ್ಲ.