ಶಾಂತಿಗ್ರಾಮ ದಾಟಿದ ಮೇಲೆ

ಜನವರಿ 6, ಸೋಮವಾರ. ಸಂಜೆ

ಟಿಂಗ್. ಶಾಂತಿಗ್ರಾಮ ಟೋಲ್ ದಾಟಿದ ಮೆಸೇಜು. ಎಸರಿಟ್ಟೆ.

ಅಲ್ಲಿಂದ ಚನ್ನರಾಯಪಟ್ಟಣಕ್ಕೆ ಅರ್ಧ ಗಂಟೆ. ನೀರು ಮರಳಿ, ಹಿಟ್ಟು ಬೆಂದು, ಮುದ್ದೆ ಕಟ್ಟಿ ತಟ್ಟೆಗೆ ಹಾಕುವಷ್ಟರಲ್ಲಿ ಗೇಟಿನ ಚಿಲಕ ಸದ್ದಾಗುತ್ತಿತ್ತು. ಫಾಸ್ಟ್ಯಾಗ್ ಮಾಡಿಸಿದ ದಿನ ಸುದರ್ಶನ್ ಬೇಕಂತಲೇ ನನ್ನ ನಂಬರ್ ಕೊಟ್ಟು ಬಂದಿದ್ದರು. "ಎಲ್ಲಿದ್ದೀರಾ ಎಲ್ಲಿದ್ದೀರಾ ಅಂತ ಫೋನ್ ಮಾಡ್ಬೇಡ ಕಣೆ. ಇನ್ಮೇಲೆ ಟೋಲ್‌ನೋರೇ ಹೇಳ್ತಾರೆ. ಎಸ್ರಿಟ್ಕೊ." ಮುದ್ದೆ ಒಂಚೂರು ಆರಿದ್ದರೂ ಮುಖ ಊದಿಸಿಕೊಳ್ಳುವ ಮನುಷ್ಯ.

ಸುದರ್ಶನ್ ಹೋಗಿ ಮೊನ್ನೆಗೆ ವರ್ಷ ತುಂಬಿತು. ಕಾರನ್ನು ಮೈದುನ ಮೋಹನ್‌ಕುಮಾರ್ ಎರಡೇ ತಿಂಗಳಿಗೆ ಮಾರಿಬಿಟ್ಟ. ಗಾಜಿನ ಮೇಲಿನ ಸ್ಟಿಕ್ಕರ್ ಕೀಳಬೇಕು ಅಂತ ಯಾರಿಗೂ ನೆನಪಾಗಲಿಲ್ಲ. ಕಾರು ಈಗ ಯಾರದೋ, ಮೆಸೇಜು ಮಾತ್ರ ನನಗೆ. ವಾರಕ್ಕೆ ಮೂರ್ನಾಲ್ಕು ಸಂಜೆ. ದುಡ್ಡು ಮುಗಿಯುವ ಮುಂಚೆ ನಾನೇ ರೀಚಾರ್ಜ್ ಮಾಡುತ್ತೇನೆ. ಯಾರಿಗೂ ಹೇಳಿಲ್ಲ. ಹೇಳಿದರೆ ಹುಚ್ಚಿ ಅನ್ನುತ್ತಾರೆ. ಅಂದರೆ ಸುಳ್ಳೂ ಅಲ್ಲ.

ಅತ್ತೆಗೆ ಹೇಳುವುದೇ ಬೇಕಾಗಿಲ್ಲ. ಲಕ್ಕಮ್ಮನವರ ಕಣ್ಣು ತಪ್ಪಿಸಿ ಇರುವೆ ಕೂಡ ಅಡುಗೆಮನೆ ದಾಟುವುದಿಲ್ಲ. ಮೂರನೆಯ ಮುದ್ದೆ ನೋಡಿ ಇವತ್ತು ಬಾಯಿಬಿಟ್ಟೇ ಅಂದರು.

"ವರ್ಸಕ್ಕೊಂದ್ಸತಿ ಎಡೆ ಇಡದು ಕಣವ್ವ. ನೀನು ವಾರಕ್ಕೆ ಮೂರ್ಸತಿ ಇಡ್ತಿದ್ದೀಯ. ಇಂಗ್ ಕರೀತಾ ಇದ್ರೆ ಸತ್ತೋರು ಎಂಗವ್ವ ಓದಾರು?"

ಆ ಮುದ್ದೆ ಬೆಳಿಗ್ಗೆ ಎದುರು ಮನೆ ಹಸುವಿಗೆ. ಈ ಹತ್ತು ತಿಂಗಳಲ್ಲಿ ಅದು ಚೆನ್ನಾಗಿ ಮೈ ತುಂಬಿಕೊಂಡಿದೆ.

ಜನವರಿ 9, ಗುರುವಾರ

ಕಾಲೇಜಿನ ಆಫೀಸಿಗೇ ಬಂದಳು ರಂಜಿತಾ, ಪಾರ್ಲರ್ ಬಾಗಿಲು ಹಾಕಿಕೊಂಡು. ನಾನು ಕೂರುವ ಅಡ್ಮಿಷನ್ ಕೌಂಟರಿನ ಕಿಂಡಿಯಲ್ಲಿ ಮುಖ ತೂರಿಸಿ ಒಂದೇ ಉಸಿರಿಗೆ — ಸಿಂಧು ಕಾರು ಕಲಿತಿದ್ದಾಳೆ, ಭಾನುವಾರ ಹಾಸನ, ನಾವು ಮೂವರೇ, ಗಂಡ ಮಕ್ಕಳು ಯಾರೂ ಇಲ್ಲ, ಹೈಸ್ಕೂಲಿನಲ್ಲಿ ಕ್ಲಾಸು ತಪ್ಪಿಸಿ ಹೋಗುತ್ತಿದ್ದ ಥರ.

"ವರ್ಷದ ಕಾರ್ಯ ಮುಗೀತು ಕಣೆ ವೇಣಿ. ಇನ್ನು ನಿಂಗೆ ನೆಪ ಇಲ್ಲ. ಬರ್ದಿದ್ರೆ ಹೊತ್ಕೊಂಡ್ ಹೋಗ್ತೀವಿ."

"ಹೊತ್ಕೊಂಡ್ ಹೋಗೋಕೆ ನಾಲ್ಕ್ ಜನ ಬೇಕು. ನೀವಿಬ್ರೇ."

ಅವಳ ಮುಖ ಸಪ್ಪಗಾಯಿತು. ಆಮೇಲೆ ಇಬ್ಬರೂ ನಕ್ಕೆವು. ಅತ್ತೆಗೆ ಹೇಳಿದರೆ, "ಓಗ್ಬಾ. ವಸಿ ಗಾಳಿ ಆಡ್ಲಿ" ಅಂದರು.

ಜನವರಿ 12, ಭಾನುವಾರ

ಎಲ್ಲಿಂದ ಶುರು ಮಾಡಲಿ...

ಸಿಂಧು ಕಾರು ಮೂರನೇ ಗೇರ್ ದಾಟುವುದಿಲ್ಲ. ದಾಟಿಸಿದರೆ ಏನಾಗುತ್ತೋ ಅಂತ ಅವಳಿಗೆ ಭಯ. ಮಕ್ಕಳಿಗೆ ಮಗ್ಗಿ ಹೇಳಿಕೊಡುವ ಮೇಡಮ್ಮು, ಸ್ಟಿಯರಿಂಗ್ ಹಿಡಿದು ತಾನೇ ಮಗ್ಗಿ ಹೇಳಿಕೊಳ್ಳುತ್ತಿದ್ದಳು. ಕಬ್ಬು ಹೇರಿದ್ದ ಟ್ರ್ಯಾಕ್ಟರ್ ನಮ್ಮನ್ನು ಹಿಂದೆ ಹಾಕಿತು. "ಟಾಟಾ ಬೇರೆ ಮಾಡ್ಬುಟ್ಟು ಹೋದ ಕಣೆ ಅವ್ನು" — ರಂಜಿತಾ.

ಶಾಂತಿಗ್ರಾಮ. ಕ್ಯೂ. ಬ್ಯಾಗಿನಲ್ಲಿ ಫೋನು — ಟಿಂಗ್.

ತಲೆ ಎತ್ತಿದೆ. ಎರಡು ಗಾಡಿ ಮುಂದೆ, ಬೂದು ಬಣ್ಣದ ಕಾರು. ಹಿಂಬಾಗಿಲಲ್ಲಿ ತಗ್ಗು. ಅತ್ತೆಯ ಬಟ್ಟೆ ಒಗೆಯುವ ಕಲ್ಲಿಗೆ ಸುದರ್ಶನ್ ರಿವರ್ಸಿನಲ್ಲಿ ಗುದ್ದಿದ್ದ ತಗ್ಗು. ಗೇಟು ಎದ್ದಿತು. ಕಾರು ಹೋಯಿತು. ಓಡಿಸುತ್ತಿದ್ದವರ ತಲೆಯ ಹಿಂಭಾಗ ಮಾತ್ರ ಕಂಡಿದ್ದು. ಹಿಂದಿನಿಂದ ಗಂಡಸರೆಲ್ಲ ಒಂದೇ ಥರ ಅಂತ ಅಂದುಕೊಂಡೆ.

ಹಾಸನ. ಮಸಾಲೆ ದೋಸೆ, ಆಮೇಲೆ ಇನ್ನೊಂದು ಮಸಾಲೆ ದೋಸೆ. ಹೋಟೆಲಿನ ಕನ್ನಡಿ ಮುಂದೆ ರಂಜಿತಾ ನನ್ನ ಗದ್ದ ಹಿಡಿದು ಲಿಪ್‌ಸ್ಟಿಕ್ ಹಚ್ಚಿದಳು. ಬೇಡ ಬೇಡ ಅಂದರೂ ಕೇಳಲಿಲ್ಲ. ಮಹಾರಾಜ ಪಾರ್ಕಿನ ಹುಲ್ಲಿನ ಮೇಲೆ ಕಡಲೆಕಾಯಿ. ಸಿಂಧು ಚಪ್ಪಲಿ ಬಿಟ್ಟು ಜಾರುಬಂಡೆ ಹತ್ತಿದಳು. ಮಧ್ಯದಲ್ಲಿ ಸಿಕ್ಕಿಕೊಂಡಳು. ಅವಳ ಶಾಲೆಯದೇ ಒಂದು ಹುಡುಗಿ ಕೆಳಗೆ ನಿಂತು "ನಮಸ್ತೆ ಮಿಸ್" ಅಂದಳು. ನಕ್ಕೂ ನಕ್ಕೂ ಹೊಟ್ಟೆ ಹಿಡಿದುಕೊಂಡೆ. ಕಣ್ಣಲ್ಲಿ ನೀರು. ಇದನ್ನು ಸಂಜೆ ಸುದರ್ಶನ್‌ಗೆ ಹೇಳಬೇಕು ಅಂದುಕೊಂಡೆ. ನಿಜವಾಗಿ ಅಂದುಕೊಂಡೆ. ಆಮೇಲೆ ನೆನಪಾಯಿತು.

ಬಟ್ಟೆ ಅಂಗಡಿ ಮುಂದೆ ಕಾರು ನಿಂತಿತ್ತು. ಅದೇ ಕಾರು. ಊರು ತುಂಬ ಬೇರೆ ಜಾಗ ಇರಲಿಲ್ಲವೇ.

ತಗ್ಗಿನ ಮೇಲೆ ಕೈಯಿಟ್ಟು ನಿಂತುಬಿಟ್ಟೆ. "ಏನೇ ಅದು?" ಅಂದಳು ರಂಜಿತಾ. ಅಲ್ಲೇ, ರಸ್ತೆಯಲ್ಲೇ, ಎಲ್ಲ ಹೇಳಿದೆ. ಮೆಸೇಜು, ರೀಚಾರ್ಜು, ಮೂರನೆಯ ಮುದ್ದೆ. ಆ ಸಂಜೆಯದನ್ನೂ ಹೇಳಿದೆ. ಸುದರ್ಶನ್‌ಗೆ ಹಾಸನದಲ್ಲಿ ಎದೆನೋವು ಬಂದು ಆಸ್ಪತ್ರೆಗೆ ಸೇರಿಸಿದ್ದು ನನಗೆ ಗೊತ್ತೇ ಇರಲಿಲ್ಲ. ಟಿಂಗ್ ಅಂತು. ಎಂದಿನಂತೆ ಎಸರಿಟ್ಟೆ. ಮುದ್ದೆ ಕಟ್ಟಿ ತಟ್ಟೆಗೆ ಹಾಕಿದೆ. ಕಾರೂ ಬಂತು. ಇಳಿದದ್ದು ಮೋಹನ್‌ಕುಮಾರ್. ಹಿಂದೆಯೇ ಆಂಬ್ಯುಲೆನ್ಸ್.

"ಆ ಮುದ್ದೆ ತಣ್ಣಗಾಗೋಯ್ತು ಕಣೆ" ಅಂದೆ. ಅದನ್ನೇ ಎರಡು ಮೂರು ಸಲ ಅಂದೆನಂತೆ. ಸಿಂಧು ಅಳುತ್ತಿದ್ದಳು.

ಕಾರಿನವರು ಬಂದರು. ಹಣೆಯಲ್ಲಿ ವಿಭೂತಿ, ಕೈಯಲ್ಲಿ ಬಟ್ಟೆ ಕವರು, ಪಕ್ಕದಲ್ಲಿ ಕೂಸು ಎತ್ತಿಕೊಂಡ ಹೆಂಡತಿ. ಶಿವಕುಮಾರ್ ಅಂತ ಹೆಸರು. ನಮ್ಮ ಕಡೆಯ ಹಳ್ಳಿಯವರೇ, ಹಾಸನದಲ್ಲಿ ಪೈಪಿನ ಅಂಗಡಿ. ಕಳ್ಳರೇನೋ ಅಂತ ಮೊದಲು ನಮ್ಮನ್ನೇ ಗುರಾಯಿಸಿದರು. ರಂಜಿತಾ ವಿಷಯ ಹೇಳಿದ ಮೇಲೆ ಕವರು ಕೆಳಗಿಟ್ಟರು.

"ಗಾಡಿ ತಕ್ಕಂಡಾಗಿಂದ ಒಂದ್ಸತೀನೂ ರೀಚಾರ್ಜ್ ಮಾಡಿಲ್ಲ ಮೇಡಂ. ಓದ್ರೆ ಸಾಕು, ಗೇಟು ತಾನೇ ಏಳದು. ನಮ್ಮವ್ವ ದೇವ್ರ ಗಾಡಿ ಕಣ್ಲಾ ಅಂತಿತ್ತು. ನಾನೂ ಅಂಗೇ ಇರ್ಬೋದು ಅನ್ಕಂಡು ಸುಮ್ಕಿದ್ದೆ." ತಲೆ ತಗ್ಗಿಸಿದರು. "ತಪ್ಪಾಯ್ತು. ಏನ್ ಮಾಡ್ಲಿ ಹೇಳಿ."

ಒಳಗೆ ಇಣುಕಿದೆ. ಸುದರ್ಶನ್ ಕನ್ನಡಕ ಇಡುತ್ತಿದ್ದ ಜಾಗದಲ್ಲಿ ಹಾಲಿನ ಬಾಟಲಿ. ಸೀಟಿನ ಮೇಲೆ ಕೂಸಿನ ಒಂದು ಕಾಲುಚೀಲ. ಹತ್ತು ತಿಂಗಳಿಂದ ನಾನು ಕಾಯುತ್ತಿದ್ದದ್ದು ಬೇರೆ ಯಾರೋ ತಮ್ಮ ಮನೆಗೆ ಹೋಗುವುದನ್ನು. ಅವರಿಗೆ ಎಸರಿಡುವವರು ಅವರ ಮನೆಯಲ್ಲಿದ್ದಾರೆ.

"ಕಿತ್ತುಬಿಡಿ" ಅಂದೆ.

ನೀಟಾಗಿ ಬರಲಿಲ್ಲ. ಉಗುರಲ್ಲಿ ಕೆರೆದು ಕೆರೆದು ಚೂರು ಚೂರಾಗಿ ತೆಗೆದು ನನ್ನ ಅಂಗೈಗೆ ಹಾಕಿದರು. ನಾಳೆಯೇ ಹೊಸದು ಹಾಕಿಸುತ್ತೇನೆ ಅಂದರು. ನಂಬರ್ ಕೊಟ್ಟರು. ರಂಜಿತಾ ಐಸ್‌ಕ್ರೀಮ್ ಕೊಡಿಸಿದಳು, ಶಿವಕುಮಾರ್ ಕೂಸಿಗೂ ಸೇರಿಸಿ.

ವಾಪಸು ಬರುವಾಗ ಶಾಂತಿಗ್ರಾಮದಲ್ಲಿ ಸಿಂಧು ಫೋನು ಟಿಂಗ್ ಅಂತು. ಅವಳು ನಾಲ್ಕನೇ ಗೇರ್ ಹಾಕಿದಳು.

ಮನೆಯಲ್ಲಿ ಅತ್ತೆ ನನ್ನ ತುಟಿಯನ್ನೇ ನೋಡಿದರು. ಸೆರಗಿನಿಂದ ಒರೆಸಿಕೊಳ್ಳಲು ಹೋದೆ. "ಬುಡು, ಚೆಂದಾಗೈತೆ" ಅಂದರು.

ಜನವರಿ 14, ಮಂಗಳವಾರ

ಸಂಕ್ರಾಂತಿ. ಎಳ್ಳು ಬೀರುವುದಕ್ಕೆ ಹೋಗಲಿಲ್ಲ, ಬಂದವರಿಂದ ತೆಗೆದುಕೊಂಡೆ. ಸಂಜೆ ಫೋನು ಸುಮ್ಮನಿತ್ತು. ಎರಡೇ ಮುದ್ದೆ.

ಜನವರಿ 27, ಸೋಮವಾರ

ಬರೆಯುವಂಥದ್ದೇನೂ ಇರಲಿಲ್ಲ, ಬರೆಯಲಿಲ್ಲ. ರಾತ್ರಿ ನಿದ್ದೆ ಬರುತ್ತಿದೆ. ಕಾಲೇಜಿನಲ್ಲಿ ಒಬ್ಬ ಹುಡುಗನಿಗೆ ಹಿಂದಿನ ಥರ ಬೈದೆ.

ಸ್ಟಿಕ್ಕರಿನ ಚೂರುಗಳು ಕುಂಕುಮದ ಹಳೆ ಡಬ್ಬಿಯಲ್ಲಿ, ಉಪ್ಪಿನ ಜಾಡಿ ಪಕ್ಕ. ಎಸೆಯಬೇಕು. ಎದುರು ಮನೆ ಹಸು ಬೆಳಿಗ್ಗೆ ಗೇಟಿನ ಹತ್ತಿರ ಬಂದು ನಿಲ್ಲುತ್ತದೆ, ಕಾಯುತ್ತದೆ, ಹೋಗುತ್ತದೆ. ಅದಕ್ಕೆ ಹೇಗೆ ಹೇಳುವುದು.

ಜನವರಿ 29, ಬುಧವಾರ. ಸಂಜೆ 6.40

ಟಿಂಗ್.

ಬ್ಯಾಂಕಿನದಿರಬೇಕು ಅಂತ ತೆಗೆದೆ. ಶಾಂತಿಗ್ರಾಮ. ನಮ್ಮ ಕಾರಿನ ನಂಬರು.

ಶಿವಕುಮಾರ್‌ಗೆ ಫೋನ್ ಮಾಡಿದೆ. ಅರಕಲಗೂಡಿನಲ್ಲಿದ್ದಾರೆ, ಮಾವನ ಮನೆಯಲ್ಲಿ. "ಗಾಡಿ ಇಲ್ಲೇ ಐತಲ್ಲ ಮೇಡಂ, ನನ್ ಕಣ್ಮುಂದೇನೇ. ನೆನ್ನೆಯಿಂದ ತೆಗ್ದೇ ಇಲ್ಲ. ಹೊಸ ಸ್ಟಿಕ್ಕರೂ ಆಕ್ಸಿದ್ದೀನಿ. ಯಾಕೆ ಮೇಡಂ?" ಏನಿಲ್ಲ ಅಂದೆ.

ಡಬ್ಬಿ ತೆಗೆದು ನೋಡಿದೆ. ಚೂರುಗಳು ಅಲ್ಲೇ ಇವೆ.

ಕಂಪ್ಯೂಟರ್ ತಪ್ಪು. ಟೋಲಿನಲ್ಲಿ ಇಂಥದ್ದು ಎಷ್ಟೋ ಆಗುತ್ತವಂತೆ. ತಪ್ಪೇ ಇರಬೇಕು.

6.50

ಅತ್ತೆ ಒಳಗಿನಿಂದ, "ಟಿಂಗ್ ಅಂತಲ್ಲವ್ವ?" ಅಂದರು. ಹೌದು ಅಂದೆ. ಅರಕಲಗೂಡಿನ ಮಾತನ್ನೂ ಹೇಳಿದೆ. ಅಮಾವಾಸ್ಯೆ ಬೇರೆ, ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ. ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಬಂದರು. ಮೂರನೆಯ ತಟ್ಟೆ ತೊಳೆದರು, ಸೆರಗಿನಲ್ಲಿ ಒರೆಸಿ ಇಟ್ಟರು.

"ಕರ್ದೋರು ನಾವೇ ಕಣವ್ವ. ಬರೋ ಒತ್ಗೆ ತಣ್ಣಗಿರಬಾರ್ದು. ಎಸ್ರಿಡು."

7.05

ಅಡುಗೆಮನೆ ಕಟ್ಟೆಯ ಮೇಲೇ ಇಟ್ಟುಕೊಂಡು ಬರೆಯುತ್ತಿದ್ದೇನೆ. ನೀರು ಮರಳುತ್ತಿದೆ. ಹೆದರಿಕೆ ಆಗುತ್ತಿದೆ. ಸುಳ್ಳು ಯಾಕೆ ಬರೆಯಲಿ, ಆಸೆಯೂ ಆಗುತ್ತಿದೆ. ಅತ್ತೆ ಹೊರಗಿನ ಲೈಟು ಹಾಕಿ ಬಂದು ಮಣೆಯ ಮೇಲೆ ಕೂತಿದ್ದಾರೆ. ಎದುರು ಮನೆ ಹಸು ಒಂದೇ ಸಮ ಕೂಗುತ್ತಿತ್ತು, ಈಗ ನಿಲ್ಲಿಸಿತು. ಹಿಟ್ಟು ಹಾಕಬೇಕು. ಗೇಟಿನ ಚಿಲ